ಕಲ್ಲಿನ ಚೂರು, ಬೂದಿಯ ದಿಬ್ಬ ಮತ್ತು ಪಹಣಿಯ ಹನ್ನೊಂದನೇ ಕಾಲಂ

ಕಲಬುರಗಿ ಸೀಮೆಯಲ್ಲಿ ಮನೆಯ ನೆಲಕ್ಕೆ ಶಹಾಬಾದಿನ ಫರಸಿ ಹಾಸುವುದು ಎಷ್ಟು ವಾಡಿಕೆಯೆಂದರೆ, ಕಾಲ ಕೆಳಗಿನ ಆ ಕಲ್ಲಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹ ಎಂದು ಕರೆಯುವ ಈ ಸುಣ್ಣಕಲ್ಲಿನ ಪದರಗಳನ್ನು ನಂಬಿಯೇ ಇಂದು ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳು ನಡೆಯುತ್ತಿವೆ. ಸುಮಾರು 2,000 ವರ್ಷಗಳ ಹಿಂದೆ ಭೀಮಾ ನದಿಯ ದಂಡೆಯ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಕಟ್ಟಿದವರು ಶಿಲ್ಪಫಲಕಗಳಿಗೆ ಆರಿಸಿಕೊಂಡದ್ದೂ ಸುಣ್ಣಕಲ್ಲನ್ನೇ. ಅದಕ್ಕೂ ಬಹಳ ಹಿಂದೆ, ಇಂದಿನ ಮನುಷ್ಯ ಜಾತಿ ಇನ್ನೂ ಹುಟ್ಟಿರದ ಕಾಲದಲ್ಲಿ, ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿಗಳನ್ನು ಮೀಟಿ ತೆಗೆದು ಕೈಗೊಡಲಿಗಳನ್ನು ಮಾಡಿದ್ದರು. ಈ ಮೂರು ಸಂಗತಿಗಳಲ್ಲಿ ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದನ್ನು ಫಲಕಗಳ ಮೇಲಿನ ಬರಹಗಳೇ ಹೇಳುತ್ತವೆ. ಬರಹವೂ ಇಲ್ಲದ, ಎಲುಬೂ ಹೆಚ್ಚು ಉಳಿದಿರದ ಮೂರನೆಯದು ಗೊತ್ತಾದದ್ದು ಹೇಗೆ ಎಂಬುದನ್ನು ವಿಚಾರಿಸಿದರೆ, ಕಾಲುವೆ ನೀರು ಬಂದ ಮೇಲೆ ಸಮತಟ್ಟಾಗುತ್ತಿರುವ ಸುರಪುರ, ಶಹಾಪುರ, ಹುಣಸಗಿ ತಾಲೂಕುಗಳ ಹೊಲಗಳಲ್ಲಿ ನಾವು ಈಗ ಕಳೆದುಕೊಳ್ಳುತ್ತಿರುವುದು ಏನೆಂಬುದೂ ತಿಳಿಯುತ್ತದೆ.

ಹುಣಸಗಿ ಮತ್ತು ಬೈಚಬಾಳ ಹಳ್ಳಗಳ ಬಯಲು ಸುಮಾರು 500 ಚದರ ಕಿಲೋಮೀಟರ್ ವಿಸ್ತಾರದ ತಗ್ಗುಪ್ರದೇಶ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು 1960ರ ದಶಕದಿಂದ ದಶಕಗಳ ಕಾಲ ಈ ಭಾಗದ ಹೊಲ, ಹಳ್ಳ, ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಶೋಧಿಸಿ, ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ನಕ್ಷೆಗೆ ತಂದರು. ಇಸಾಂಪುರ ಬೆಳಕಿಗೆ ಬಂದದ್ದು 1983ರಲ್ಲಿ, ಅದೂ ನೀರಾವರಿ ಕಾಮಗಾರಿಗಾಗಿ ಮೇಲಿನ ಮಣ್ಣನ್ನು ತೆಗೆದಿದ್ದರಿಂದ. ನೆಲೆಯನ್ನು ಹಾಳುಮಾಡಬಲ್ಲ ಕೆಲಸವೇ ಅದನ್ನು ತೋರಿಸಿಕೊಟ್ಟಿತು. ಆಗ ಅಲ್ಲಿಗೆ ಹೋಗಿ ನೋಡುವ, ಕಂಡದ್ದನ್ನು ಗುರುತಿಸುವ ಒಬ್ಬರು ಇದ್ದರೆಂಬುದಷ್ಟೇ ಅದೃಷ್ಟ. 1997ರಿಂದ 2001ರವರೆಗೆ ನಡೆದ ಉತ್ಖನನದಲ್ಲಿ ಸಿಕ್ಕದ್ದು ಕೇವಲ ಚೆಂದದ ಕೈಗೊಡಲಿಗಳಲ್ಲ. ನೆಲದಲ್ಲಿ ಸಹಜವಾಗಿ ಬಿರುಕುಬಿಟ್ಟಿದ್ದ ಸಿಲಿಕಾಯುಕ್ತ ಸುಣ್ಣಕಲ್ಲಿನ ಚಪ್ಪಡಿಗಳು, ಅವನ್ನು ಒಡೆಯಲು ಬಳಸಿದ ಬೇರೆ ಜಾತಿಯ ಗಟ್ಟಿ ಕಲ್ಲಿನ ಸುತ್ತಿಗೆಗಳು, ಅರ್ಧಕ್ಕೆ ಬಿಟ್ಟ ಉಪಕರಣಗಳು ಮತ್ತು ಸಾವಿರಾರು ಚೂರುಗಳು ಬಿದ್ದಲ್ಲಿಯೇ ಇದ್ದವು. ಬಡಿಗನ ಮನೆಯ ಮುಂದೆ ಬಿದ್ದ ಸಿಪ್ಪೆಯನ್ನು ನೋಡಿ ಒಳಗೆ ನೇಗಿಲು ಆಗುತ್ತಿದೆಯೋ ಬಾಗಿಲು ಆಗುತ್ತಿದೆಯೋ ಹೇಳಬಹುದಾದಂತೆ, ಚೂರುಗಳ ಗಾತ್ರ, ಪೆಟ್ಟು ಬಿದ್ದ ಮೂಲೆ ಮತ್ತು ಅವು ಹರಡಿದ ಬಗೆಯಿಂದ ಕೆಲಸದ ಕ್ರಮವನ್ನು ವಿದ್ವಾಂಸರು ಮರಳಿ ಕಟ್ಟಿದರು. ಯಾವ ದಪ್ಪದ ಚಪ್ಪಡಿ ಯಾವ ಉಪಕರಣಕ್ಕೆ ಒದಗುತ್ತದೆ ಎಂಬ ಲೆಕ್ಕಾಚಾರ ಆ ಕೈಗಳಿಗಿತ್ತು. ಭಾರತದಲ್ಲಿ ಅಶೂಲಿಯನ್ ಕಾಲದ, ಅಂದರೆ ಇಂಥ ಕೈಗೊಡಲಿಗಳನ್ನು ಮಾಡುತ್ತಿದ್ದ ಹಳೆಯ ಶಿಲಾಯುಗದ ಪರಂಪರೆಯ, ಕಲ್ಲಿನ ಖಣಿ ಮತ್ತು ಕಾರ್ಯಾಗಾರವೆಂದು ಮೊದಲು ಗುರುತಿಸಲಾದ ನೆಲೆ ಇದು.

ಕಾಲನಿರ್ಣಯದ ಮಾತು ಬಂದಾಗ ಸಾಮಾನ್ಯವಾಗಿ ಎಲ್ಲರೂ ಇಂಗಾಲ-14 ವಿಧಾನವನ್ನು ಹೆಸರಿಸುತ್ತಾರೆ. 1940ರ ದಶಕದ ಕೊನೆಯಲ್ಲಿ ವಿಲ್ಲರ್ಡ್ ಲಿಬ್ಬಿ ರೂಪಿಸಿದ, 1960ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಆ ವಿಧಾನ ಜೀವವಿದ್ದ ವಸ್ತುಗಳಿಗೆ ಮಾತ್ರ ಅನ್ವಯಿಸುತ್ತದೆ. ಸುಮಾರು 50,000 ವರ್ಷಗಳಾಚೆಗೆ ಅಳೆಯುವಷ್ಟು ಇಂಗಾಲ-14 ಉಳಿದಿರುವುದೇ ಇಲ್ಲ. ಇಸಾಂಪುರಕ್ಕೆ ಅದು ನಿರುಪಯೋಗಿ. ಅಲ್ಲಿ ನೆರವಿಗೆ ಬಂದದ್ದು ಕಲ್ಲುಗಳ ಜೊತೆ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲು. ಸುತ್ತಲಿನ ಮಣ್ಣಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಯುರೇನಿಯಂ ಮೊದಲಾದ ಧಾತುಗಳಿಂದ ಹೊರಡುವ ವಿಕಿರಣ ಹಲ್ಲಿನ ಎನಾಮೆಲ್ ಹರಳುಗಳಿಗೆ ತಾಗುತ್ತ ಬಂದಂತೆ, ಸ್ಥಾನ ತಪ್ಪಿದ ಎಲೆಕ್ಟ್ರಾನುಗಳು ಹರಳಿನ ದೋಷಗಳಲ್ಲಿ ಸಿಕ್ಕಿಕೊಂಡು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತವೆ. ಹಗೇವಿನಲ್ಲಿ ಒಟ್ಟು ಎಷ್ಟು ಜೋಳವಿದೆ ಎಂಬುದೂ ವರ್ಷಕ್ಕೆ ಎಷ್ಟು ತುಂಬಲಾಗುತ್ತಿತ್ತು ಎಂಬುದೂ ತಿಳಿದರೆ ಎಷ್ಟು ವರ್ಷ ತುಂಬಲಾಯಿತು ಎಂದು ಹೇಳಬಹುದಷ್ಟೆ. ಹಾಗೆಯೇ ಒಟ್ಟು ಸೇರಿದ ವಿಕಿರಣದ ಮೊತ್ತವನ್ನು ವಾರ್ಷಿಕ ಪ್ರಮಾಣದಿಂದ ಭಾಗಿಸಿದರೆ ವಯಸ್ಸು ದೊರೆಯುತ್ತದೆ. ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ಈ ವಿಧಾನದಿಂದ ಇಸಾಂಪುರಕ್ಕೆ ದೊರೆತ ವಯಸ್ಸು ಸುಮಾರು 12 ಲಕ್ಷ ವರ್ಷ. ಅದು ಪ್ರಕಟವಾದದ್ದು 2002ರಲ್ಲಿ.

ಈ ಲೆಕ್ಕದ ಒಳಗೊಂದು ಷರತ್ತು ಅಡಗಿದೆ. ವಾರ್ಷಿಕ ಪ್ರಮಾಣವನ್ನು ಹಲ್ಲು ಹೇಳುವುದಿಲ್ಲ. ಹಲ್ಲು ಹುದುಗಿದ್ದ ಮಣ್ಣು ಹೇಳುತ್ತದೆ. ಅದೇ ಹಲ್ಲನ್ನು ಯಾರಾದರೂ ಕುತೂಹಲದಿಂದ ಎತ್ತಿಕೊಂಡು ಬಂದು ಮನೆಯ ಮಾಡಿನಲ್ಲಿ ಇಟ್ಟಿದ್ದರೆ, ಅದು ಸುಂದರವಾದ ಹಲ್ಲಾಗಿ ಉಳಿಯುತ್ತಿತ್ತೇ ಹೊರತು ಅದಕ್ಕೆ ವಯಸ್ಸಿರುತ್ತಿರಲಿಲ್ಲ. ಯುರೇನಿಯಂ ಎನಾಮೆಲ್ಲಿನ ಒಳಗೆ ಯಾವ ಗತಿಯಲ್ಲಿ ಸೇರಿಕೊಂಡಿತೆಂಬ ಊಹೆಯ ಮೇಲೂ ಲೆಕ್ಕ ನಿಂತಿರುವುದರಿಂದ, 12 ಲಕ್ಷ ಎಂಬ ಅಂಕಿಯನ್ನು ಶಾಸನದಲ್ಲಿ ಕೆತ್ತಿದ ತಿಥಿಯಂತೆ ನೋಡುವುದೂ ತಪ್ಪು. ಆದರೆ ಅದು ಒಂಟಿ ಸಾಕ್ಷಿಯೇನಲ್ಲ. ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಯಲ್ಲಿ ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು ಸಂಪೂರ್ಣ ಬೇರೆಯ ವಿಧಾನಗಳನ್ನು, ಅಂದರೆ ಭೂಕಾಂತತ್ವದ ಹಳೆಯ ದಿಕ್ಕು ಮತ್ತು ವಿಶ್ವಕಿರಣಗಳಿಂದ ಕಲ್ಲಿನಲ್ಲಿ ಹುಟ್ಟುವ ಅಪರೂಪದ ಐಸೊಟೋಪುಗಳನ್ನು (ಒಂದೇ ಧಾತುವಿನ ಬೇರೆ ತೂಕದ ಪರಮಾಣುಗಳನ್ನು) ಬಳಸಿ, ಇದೇ ಬಗೆಯ ಉಪಕರಣಗಳು ಕನಿಷ್ಠ 10.7 ಲಕ್ಷ ವರ್ಷ, ಸರಾಸರಿ 15 ಲಕ್ಷ ವರ್ಷ ಹಳೆಯವೆಂದು 2011ರಲ್ಲಿ ತೋರಿಸಿದರು. ಹುಣಸಗಿ ಬಯಲಿನ ಪ್ರಾಚೀನತೆಯನ್ನು ನಂಬಲು ಇದು ಬಲವಾದ ಕಾರಣ. ಇಸಾಂಪುರದಲ್ಲಿ ಕೆಲಸ ಮಾಡಿದವರ ಒಂದು ಎಲುಬೂ ಸಿಕ್ಕಿಲ್ಲ. ಭಾರತದಲ್ಲಿ ಅಶೂಲಿಯನ್ ಪರಂಪರೆಯ ಮಾನವರ ತಲೆಬುರುಡೆಯ ಭಾಗವೆಂದು ಮುಖ್ಯವಾಗಿ ಹೇಳಬಹುದಾದದ್ದು 1982ರಲ್ಲಿ ನರ್ಮದಾ ದಂಡೆಯ ಹಥ್ನೋರಾದಲ್ಲಿ ದೊರೆತದ್ದು.

ಎಲುಬಿಲ್ಲದಿದ್ದರೂ ಬದುಕಿನ ಅಂದಾಜು ಸಾಧ್ಯವಾದದ್ದು ನೆಲೆಗಳ ಹಂಚಿಕೆಯಿಂದ. ಬೇಸಿಗೆಯಲ್ಲೂ ಬತ್ತದ ಒರತೆಗಳು ಇರುವ ಕಡೆ ದೊಡ್ಡ ನೆಲೆಗಳು ಒತ್ತಾಗಿವೆ, ಬಯಲಿನ ಉಳಿದ ಕಡೆ ಚಿಕ್ಕ ಚಿಕ್ಕವು ಚೆದುರಿವೆ. ಬಿಸಿಲುಗಾಲದಲ್ಲಿ ಗುಂಪುಗಳು ನೀರಿನ ಬಳಿ ಕೂಡುತ್ತಿದ್ದವು, ಮಳೆಗಾಲದಲ್ಲಿ ಚೆದುರುತ್ತಿದ್ದವು ಎಂಬ ವಿವರಣೆಯನ್ನು ಪದ್ದಯ್ಯ ಮುಂದಿಟ್ಟರು. ಅದಕ್ಕೆ ಆಧಾರವಾಗಿ ಅವರು ಈ ಭಾಗದ ಜನ ಈಗಲೂ ಆರಿಸಿ ತಿನ್ನುವ ಕಾಡುಹಣ್ಣು, ಗೆಡ್ಡೆ, ಸೊಪ್ಪುಗಳನ್ನೂ ಅವು ಸಿಗುವ ಕಾಲವನ್ನೂ ಪಟ್ಟಿ ಮಾಡಿದರು. ಕುರಿ ಕಾಯುವವರ ತಿಳಿವಳಿಕೆಯೂ ಇಲ್ಲಿ ಪ್ರಯೋಗಾಲಯದ ಅಂಕಿಯಷ್ಟೇ ತೂಕದ ಪುರಾವೆಯಾಯಿತೆಂಬುದು ನನಗೆ ಈ ಸಂಶೋಧನೆಯ ಅತ್ಯಂತ ಗೌರವಾರ್ಹ ಅಂಶವಾಗಿ ಕಾಣುತ್ತದೆ. ಒಂದು ಚೂರೂ ಕದಿಯದೆ, ಎಲ್ಲವನ್ನೂ ಗುಡ್ಡೆ ಹಾಕಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರೂ ಈ ವಿವರಣೆ ನಾಶವಾಗುತ್ತದೆ, ಏಕೆಂದರೆ ಅದು ಕಲ್ಲುಗಳ ಒಳಗಿಲ್ಲ, ಕಲ್ಲುಗಳ ನಡುವಣ ಅಂತರದಲ್ಲಿದೆ.

ಇದೇ ಸುರಪುರ ಸೀಮೆಯ ಬೂದಿಹಾಳದ ಕಥೆ ಇನ್ನೂ ಸ್ವಾರಸ್ಯಕರ. ಊರಿನ ಹೆಸರೇ ಒಂದು ಟಿಪ್ಪಣಿ: ಬೂದಿ ಇರುವ ಹಾಳು. ಕೃಷ್ಣಾ–ತುಂಗಭದ್ರಾ ಸೀಮೆಯ ಉದ್ದಗಲಕ್ಕೂ ಇಂಥ ಬೂದಿದಿಬ್ಬಗಳಿವೆ. ಜನ ಅವನ್ನು ಪುರಾಣದ ರಾಕ್ಷಸರನ್ನೋ ವಾನರರಾಜ ವಾಲಿಯನ್ನೋ ಸುಟ್ಟ ಜಾಗವೆಂದು ಹೇಳುತ್ತ ಬಂದರು. 19ನೆಯ ಶತಮಾನದ ಇಂಗ್ಲಿಷ್ ಅಧಿಕಾರಿಗಳು ಜ್ವಾಲಾಮುಖಿಯಿಂದ ಹಿಡಿದು ಸಾಮೂಹಿಕ ದಹನದವರೆಗೆ ನಾನಾ ತರ್ಕ ಹೂಡಿದರು. ಅದು ದನದ ಸಗಣಿಯ ಬೂದಿ ಎಂದು ಸರಿಯಾಗಿ ಗುರುತಿಸಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು. ಪ್ರಯೋಗಾಲಯದಲ್ಲಿ ಅದನ್ನು ದೃಢಪಡಿಸಿದ ಎಫ್. ಇ. ಜಾಯ್ನರ್ ಅವರ ಪರೀಕ್ಷೆ ಬಂದದ್ದು 1960ರ ಹೊತ್ತಿಗೆ. ಅದಕ್ಕೆ ಸ್ವಲ್ಪ ಮೊದಲು ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದ ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅವರಿಗೆ ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳೇ ಕಂಡಿದ್ದವು. ಕೊಡೇಕಲ್ಲಿನ ದಿಬ್ಬವನ್ನು 1965–66ರಲ್ಲಿ ಅಗೆದ ಪದ್ದಯ್ಯ, 1990ರ ದಶಕದಲ್ಲಿ ಬೂದಿಹಾಳದಲ್ಲಿ ದಿಬ್ಬದ ಸುತ್ತಲಿನ ವಿಶಾಲ ಜಾಗವನ್ನೇ ತೆರೆದರು. ಆಗ ತೋರಿದ್ದು ದನದ ದೊಡ್ಡಿ, ಅದರ ಪಕ್ಕದಲ್ಲೇ ಮನೆಗಳು, ಮಡಕೆಗಳಲ್ಲಿ ಹೂಳಿದ ಎಳೆಯ ಮಕ್ಕಳು, ಕಲ್ಲಿನ ಅಲಗು ತೆಗೆಯುವ ಜಾಗ ಮತ್ತು ಎಲುಬುಗಳ ನಡುವೆ ಕತ್ತರಿಸುವ ಕಲ್ಲುಗಳು ಬಿದ್ದಿದ್ದ, ಪ್ರಾಣಿಗಳನ್ನು ಕಡಿದು ಹಂಚುತ್ತಿದ್ದ ಒಂದು ನೆಲ. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಕೊನೆಯ ಭಾಗ ಮತ್ತು ಎರಡನೆಯದರ ಆದಿಭಾಗದಲ್ಲಿ, ಅಂದರೆ ಸುಮಾರು 4,000 ವರ್ಷಗಳ ಹಿಂದೆ, ಇಲ್ಲಿ ದನ ಸಾಕುವವರ ಊರೊಂದಿತ್ತು.

ಸಗಣಿಗೆ ಬೆಂಕಿ ಇಟ್ಟದ್ದೇಕೆ ಎಂಬುದು ಇನ್ನೂ ತೀರದ ಚರ್ಚೆ. ವರ್ಷದ ಒಂದು ಹಬ್ಬದ ಆಚರಣೆಯೆಂದು ಆಲ್ಚಿನ್ ಭಾವಿಸಿದರು. ಹುಳು, ರೋಗಗಳನ್ನು ತಡೆಯಲು ದೊಡ್ಡಿ ಶುಚಿ ಮಾಡುವ ರೂಢಿಯೂ ಇರಬಹುದು. ತಲೆಮಾರುಗಳ ಶ್ರಮದಿಂದ ಬೇಕೆಂದೇ ಎತ್ತರಿಸಿದ ಸ್ಮಾರಕಗಳಿವು ಎಂದೂ ಕೆಲವರು ವಾದಿಸಿದ್ದಾರೆ. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವ ಹಳೇ ಮೈಸೂರಿನ ಪದ್ಧತಿಯನ್ನೋ ನಮ್ಮ ಕಾರಹುಣ್ಣಿಮೆಯನ್ನೋ ನೇರವಾಗಿ ಈ ದಿಬ್ಬಗಳಿಗೆ ಗಂಟುಹಾಕುವ ಆಸೆ ಯಾರಿಗಾದರೂ ಆಗುತ್ತದೆ, ನನಗೂ ಆಗಿದೆ. ಆದರೆ ನಡುವೆ 4,000 ವರ್ಷಗಳ ಹಳ್ಳವಿದೆ. ಅದನ್ನು ಒಂದೇ ನೆಗೆತಕ್ಕೆ ದಾಟಲು ಹೊರಟವರು ಬೀಳುವುದೇ ಹೆಚ್ಚು. ಬೂದಿಯ ಪದರಗಳ ತೆಳುವಾದ ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಕಾಲ ಕಳೆಯಿತು, ದನಗಳು ಹಸಿ ಹುಲ್ಲು ತಿಂದಿದ್ದವೋ ಒಣ ಮೇವು ತಿಂದಿದ್ದವೋ ಎಂದು ಕೇಳುವುದು ಹೆಚ್ಚು ಭರವಸೆಯ ದಾರಿ. ಹುಲ್ಲಿನ ಜೀವಕೋಶಗಳಲ್ಲಿ ಕಟ್ಟಿಕೊಳ್ಳುವ ಸಿಲಿಕಾ ಕಣಗಳು ಸುಟ್ಟರೂ ಆಕಾರ ಕಳೆದುಕೊಳ್ಳದೆ ಬೂದಿಯಲ್ಲಿ ಉಳಿಯುವುದರಿಂದ ಇಂಥ ಪ್ರಶ್ನೆ ಕೇಳಲು ಸಾಧ್ಯವಾಗಿದೆ.

ಹಿಂದಿನ ತಲೆಮಾರಿನ ಉತ್ಖನನಕಾರರು ಮಂಕರಿಗಟ್ಟಲೆ ಹೊರಗೆ ಚೆಲ್ಲಿದ ಮಣ್ಣೇ ಈಗ ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷಿ ಎನಿಸಿದೆ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ ತೇಲಿಬಂದ ಕರಿಕಾಳುಗಳನ್ನು ಸೋಸುವ ಸರಳ ವಿಧಾನದಿಂದಲೇ, ದಕ್ಷಿಣ ಭಾರತದ ನವಶಿಲಾಯುಗದ ರೈತರು ಕೊರಲೆಯಂಥ ಸಿರಿಧಾನ್ಯ, ಹುರುಳಿ ಮತ್ತು ಹೆಸರು ಬೆಳೆಯುತ್ತಿದ್ದರೆಂಬುದನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು ತೋರಿಸಿದರು. ಮಣ್ಣಿನ ಹರಳುಗಳು ಕೊನೆಯ ಬಾರಿ ಸೂರ್ಯನ ಬೆಳಕು ಕಂಡದ್ದು ಯಾವಾಗ ಎಂಬುದನ್ನು ಅಳೆಯುವ ವಿಧಾನವೂ ಬಂದಿದೆ. ಕತ್ತಲಲ್ಲಿ ಹೂತಿರುವಷ್ಟು ಕಾಲ ಆ ಹರಳುಗಳಲ್ಲಿ ವಿಕಿರಣದ ಜಮೆ ಏರುತ್ತಲೇ ಇರುತ್ತದೆ, ಬೆಳಕು ತಾಗಿದೊಡನೆ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಮಾದರಿಯನ್ನು ಬೆಳಕು ತಾಗದಂತೆ ಕೊಳವೆಯಲ್ಲಿ ತೆಗೆಯಬೇಕು. ಜೆಸಿಬಿ ಒಮ್ಮೆ ಮಗುಚಿದ ಮಣ್ಣಿನಲ್ಲಿ ಈ ಗಡಿಯಾರ ಕೆಟ್ಟುಹೋಗಿರುತ್ತದೆ, ಮತ್ತೆ ಸರಿಪಡಿಸಲು ಬರುವುದಿಲ್ಲ.

ಇನ್ನೊಂದು ವಿಧಾನಕ್ಕಂತೂ ಬೀದರ್, ಕಲಬುರಗಿ, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳ ನೆಲ ಹೇಳಿ ಮಾಡಿಸಿದಂತಿದೆ. ತಿಂದ ಮೇವು, ಕುಡಿದ ನೀರಿನ ಮೂಲಕ ನೆಲದ ಸ್ಟ್ರಾಂಶಿಯಂ ಧಾತು ಹಲ್ಲಿಗೆ ಸೇರುತ್ತದೆ. ಅದರ ಐಸೊಟೋಪುಗಳ ಪ್ರಮಾಣ ಬಂಡೆಯಿಂದ ಬಂಡೆಗೆ ಬೇರೆ. ಬೀದರ್ ಕಡೆ ಲಾವಾದಿಂದಾದ ಕರಿಕಲ್ಲು ಮತ್ತು ಅದರ ಮೇಲಿನ ಕೆಂಪು ಜಂಬಿಟ್ಟಿಗೆ, ನಡುವೆ ಭೀಮಾ ಸುಣ್ಣಕಲ್ಲು, ಯಾದಗಿರಿ–ಸುರಪುರದ ಕಡೆ ಅತಿ ಪ್ರಾಚೀನ ಗ್ರಾನೈಟ್ ಗುಡ್ಡಗಳು ಒಂದರ ಮಗ್ಗುಲಿಗೊಂದು ಇರುವುದರಿಂದ, ದನವೊಂದು ಯಾವ ನೆಲದಲ್ಲಿ ಹುಟ್ಟಿ ಯಾವ ನೆಲಕ್ಕೆ ಮೇಯಲು ಹೋಯಿತೆಂಬುದನ್ನು ಅದರ ಹಲ್ಲು ಸಾಕಷ್ಟು ಸ್ಪಷ್ಟವಾಗಿ ಹೇಳಬಲ್ಲುದು. ಡಿಎನ್ಎ ವಿಷಯದಲ್ಲಿ ಇಷ್ಟು ಆಸೆ ಇಟ್ಟುಕೊಳ್ಳುವಂತಿಲ್ಲ. ಬಿಸಿ ಹವೆಯಲ್ಲಿ ಅದು ಬೇಗ ಹಾಳಾಗುತ್ತದೆ. ಹರಿಯಾಣದ ರಾಖಿಗಢಿಯಲ್ಲಿ 61 ಮಾದರಿಗಳನ್ನು ಪರೀಕ್ಷಿಸಿದಾಗ ಬಳಸಲು ಬಂದದ್ದು ಒಂದೇ ಒಂದು. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು.

ವಸ್ತುವಿಗಿಂತ ಅದರ ಇರುವಿಕೆ ಮುಖ್ಯ ಎಂಬ ಅರಿವು ಈ ನೆಲದಲ್ಲಿ ಹೊಸದೂ ಅಲ್ಲ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿದ್ದ ಅಧಿಕಾರಿ ಮೆಡೋಸ್ ಟೇಲರ್ ಜೇವರ್ಗಿಯ ಸುತ್ತಮುತ್ತ ಕಲ್ಗೋರಿಗಳನ್ನು ಅಗೆಸಿದಾಗ, ಸಿಕ್ಕ ಮಡಕೆ, ಕಬ್ಬಿಣಗಳನ್ನು ಎತ್ತಿಡುವುದಷ್ಟಕ್ಕೇ ನಿಲ್ಲದೆ ಗುಂಡಿಯ ಗೋಡೆಯಲ್ಲಿ ಕಾಣುವ ಪದರಗಳ ಚಿತ್ರವನ್ನೂ ಬರೆದಿಟ್ಟರು. ಕಾಲಕ್ಕಿಂತ ಬಹಳ ಮುಂದಿದ್ದ ಆ ಚಿತ್ರಗಳನ್ನು ಸುಮಾರು ನೂರು ವರ್ಷಗಳ ನಂತರ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಮೆಚ್ಚಿಕೊಂಡರು. ರಾಜನಕೋಳೂರಿನ ಕಲ್ಮನೆಗಳನ್ನು ಜನ ಕುಳ್ಳಗಿನ ಮೋರ್ಯರ ಮನೆಗಳೆಂದು ಕರೆಯುತ್ತಿದ್ದುದನ್ನೂ ಟೇಲರ್ ದಾಖಲಿಸಿದರು. ಶಹಾಪುರ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ದೊಡ್ಡ ಗುಂಡುಗಳಿಗೆ ಮಡಕೆಯ ಚೂರಿನಷ್ಟೂ ಅಲಂಕಾರವಿಲ್ಲ. ಅವುಗಳ ಅರ್ಥವೆಲ್ಲ ಸಾಲಿನಲ್ಲಿಯೇ ಇದೆ. ಆ ಸಾಲುಗಳು ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕನ್ನು ಗುರುತಿಸುತ್ತವೆಯೇ ಎಂದು ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಪರಿಶೀಲಿಸಿದ್ದಾರೆ. ಅವರ ತೀರ್ಮಾನವನ್ನು ಒಪ್ಪಬೇಕಾದರೂ ಅಲ್ಲಗಳೆಯಬೇಕಾದರೂ ಗುಂಡುಗಳು ಇದ್ದಲ್ಲಿಯೇ ಇರಬೇಕು. ಬದುವಿಗೆ ಬೇಕೆಂದು ನಾಲ್ಕು ಗುಂಡುಗಳನ್ನು ಉರುಳಿಸಿದರೆ ವಾದ–ಪ್ರತಿವಾದ ಎರಡೂ ನಿಂತುಹೋಗುತ್ತವೆ.

ಸನ್ನತಿಯಲ್ಲಿ ಆದದ್ದು ಇದಕ್ಕೆ ಒಳ್ಳೆಯ ದೃಷ್ಟಾಂತ. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿ ಗುಡಿಯ ಮೇಲ್ಛಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನ ಕಂಡಿತು. ಒಂದು ಮಗ್ಗುಲಿಗೆ ಅಶೋಕನ ಹದಿನಾಲ್ಕು ಬಂಡೆಶಾಸನಗಳ ಪೈಕಿ 12 ಮತ್ತು 14ನೆಯವುಗಳ ಪಾಠ. ಇನ್ನೊಂದು ಮಗ್ಗುಲಿಗೆ, ಅಲ್ಲಿಯವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ತಿಳಿದಿದ್ದ, ಎಲ್ಲ ಮನುಷ್ಯರೂ ನನ್ನ ಮಕ್ಕಳೆಂದು ಹೇಳುವ ಪ್ರತ್ಯೇಕ ಶಾಸನಗಳು. ವಿಗ್ರಹ ಕೂರಿಸಲೆಂದು ಚಪ್ಪಡಿಯ ನಡುವೆ ಕೊರೆದ ಕುಳಿಯಲ್ಲಿ ಅಕ್ಷರಗಳು ಹೋಗಿವೆ. ಪಾಠ ಬಹುಪಾಲು ಉಳಿಯಿತು, ಆದರೆ ಆ ಚಪ್ಪಡಿ ಮೊದಲು ನಿಂತಿದ್ದ ಜಾಗ, ಅದರ ಮುಂದೆ ಇದ್ದಿರಬಹುದಾದ ದಾರಿ ಅಥವಾ ಬಯಲು ನಮಗೆ ಇಲ್ಲವಾಯಿತು. ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆ ನಡೆಸಿದ ಉತ್ಖನನದಲ್ಲಿ ಮಾತ್ರ ಫಲಕಗಳು ಸ್ತೂಪದ ಸುತ್ತ ಬಿದ್ದ ಹಾಗೆಯೇ ಸಿಕ್ಕವು. ರಾಣಿಯರ ಪರಿವಾರದೊಡನೆ ನಿಂತ ಅರಸನ ಫಲಕದ ಮೇಲೆ ‘ರಾಯ ಅಸೋಕೋ’ ಎಂಬ ಬ್ರಾಹ್ಮಿ ಬರಹವಿದೆ; ಶಾತವಾಹನ ಅರಸರೂ ಹೆಸರು ಸಮೇತ ಕಾಣಿಸುತ್ತಾರೆ; ದಾನ ಕೊಟ್ಟ ಭಿಕ್ಷುಗಳು, ಭಿಕ್ಷುಣಿಯರು, ಗೃಹಸ್ಥರು, ಹೆಂಗಸರು ತಮ್ಮ ಹೆಸರು ಬರೆಸಿದ್ದಾರೆ. ಯಾವ ಫಲಕ ಸ್ತೂಪದ ಯಾವ ಭಾಗದ್ದು, ಯಾವುದು ಮೊದಲ ಹಂತದ್ದು, ಯಾವುದು ನಂತರ ಸೇರಿದ್ದು ಎಂದು ಕೇಳಲು ಅಲ್ಲಿ ಅವಕಾಶವಿದೆ.

ಈಗಿನ ಪರಿಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ ಒಣಬೇಸಾಯದ ಎರಿ ನೆಲಕ್ಕೆ ನೀರು ತಂದಿತು. ಭತ್ತಕ್ಕೆ ಸಮತಟ್ಟಾದ ಗದ್ದೆ ಬೇಕು, ಆದ್ದರಿಂದ ಏರುತಗ್ಗುಗಳನ್ನು ಕೆತ್ತಿ ಹರಡಲಾಗುತ್ತಿದೆ. ಮೊರಂ ತೆಗೆಯಲು ಗುಡ್ಡದ ಬುಡ ಅಗೆಯಲಾಗುತ್ತಿದೆ. ಬೂದಿದಿಬ್ಬಗಳ ಮಣ್ಣು ಒಳ್ಳೆಯ ಗೊಬ್ಬರವೆಂದು ಬಂಡಿ, ಟ್ರ್ಯಾಕ್ಟರುಗಳಲ್ಲಿ ಹೊಲ ಸೇರಿದ ಉದಾಹರಣೆಗಳು ದಕ್ಷಿಣದ ಎಲ್ಲೆಡೆ ಇವೆ. ಬರಗಾಲದ ನಾಡಿಗೆ ಬಂದ ನೀರಿನ ವಿರುದ್ಧ ಮಾತಾಡುವುದು ಈ ಲೇಖನದ ಉದ್ದೇಶವಲ್ಲ. ನೀರು ಬೇಡವೆಂದು ಹೇಳುವ ನೈತಿಕ ಹಕ್ಕು ನಗರದಲ್ಲಿ ಕುಳಿತ ಯಾರಿಗೂ ಇಲ್ಲ. ಮೇಲಾಗಿ, ನಿಧಿಯ ಆಸೆಗೆ ರಾತ್ರಿ ಹೊತ್ತು ಕಲ್ಗೋರಿ ಕೀಳುವವರ ಕೈವಾಡವೂ ಕಡಿಮೆಯಿಲ್ಲ. ಆದರೆ ನಮ್ಮ ಸಂರಕ್ಷಣೆಯ ಕಲ್ಪನೆ ಇನ್ನೂ ಕಟ್ಟಡದ ಸುತ್ತಲೇ ಸುತ್ತುತ್ತಿದೆ. ಪ್ರಾಚೀನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾಯಿದೆಯಲ್ಲಿ ಪುರಾತತ್ತ್ವ ನೆಲೆಗಳಿಗೂ ಜಾಗವಿದೆ. 2010ರ ತಿದ್ದುಪಡಿ ಸಂರಕ್ಷಿತ ಜಾಗದಿಂದ 100 ಮೀಟರ್ ವರೆಗೆ ಕಟ್ಟಡ ಕಟ್ಟುವುದು ನಿಷೇಧಿತವೆಂದೂ ಅದರಾಚೆಯ 200 ಮೀಟರ್ ನಿಯಂತ್ರಿತವೆಂದೂ ಹೇಳುತ್ತದೆ. ಒಂದು ಕೋಟೆ, ಒಂದು ಗುಮ್ಮಟಕ್ಕೆ ಈ ಅಳತೆ ಒಪ್ಪುತ್ತದೆ. 500 ಚದರ ಕಿಲೋಮೀಟರಿನಲ್ಲಿ ಚೆದುರಿದ, ಅರ್ಧ ಎಕರೆಯ, ಕಣ್ಣಿಗೆ ಬರೀ ಕಲ್ಲುಹೊಲವಾಗಿ ಕಾಣುವ ನೂರಾರು ನೆಲೆಗಳಿಗೆ ಒಪ್ಪುವುದಿಲ್ಲ. ಕಲಬುರಗಿ, ಬೀದರ್ ಕೋಟೆಗಳು ದಖನಿ ಸುಲ್ತಾನರ ಸ್ಮಾರಕಗಳಾಗಿ 2014ರಿಂದ ಯುನೆಸ್ಕೊ ತಾತ್ಕಾಲಿಕ ಪಟ್ಟಿಯಲ್ಲಿವೆ. ನೆರೆಯ ತೆಲಂಗಾಣದ ಮುಡುಮಾಲದ ನಿಲುಗಲ್ಲುಗಳು 2025ರಲ್ಲಿ ಆ ಪಟ್ಟಿ ಸೇರಿದವು. ನಿಂತ ಕಲ್ಲಿಗೆ ಮನ್ನಣೆ ದೊರೆಯುತ್ತಿರುವುದು ಸಂತೋಷದ ವಿಷಯ. ಮಲಗಿದ ಚೂರಿನ ಪರ ಮಾತಾಡುವವರು ಕಡಿಮೆ.

ರೈತನ ಮನಸ್ಸಿನಲ್ಲಿರುವ ಭಯವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಹೊಲದಲ್ಲಿ ಹಳೆಯದೇನೋ ಸಿಕ್ಕಿತೆಂದು ತಿಳಿಸಿದರೆ ಹೊಲವೇ ಹೋಗುತ್ತದೆಂದು ಅವನು ನಂಬಿದ್ದಾನೆ, ಆದ್ದರಿಂದ ಸುಮ್ಮನಿರುತ್ತಾನೆ. ಪ್ರತಿ ನೆಲೆಯನ್ನೂ ಸ್ವಾಧೀನಪಡಿಸಿಕೊಳ್ಳುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಈಗಾಗಲೇ ಪ್ರಕಟವಾಗಿರುವ ನೆಲೆಗಳ ಪಟ್ಟಿಗಳನ್ನು ಸರ್ವೆ ನಂಬರುಗಳಿಗೆ ಹೊಂದಿಸಿ, ಪಹಣಿಯಲ್ಲಿ ಸಾಲ, ಇತರ ಹಕ್ಕುಗಳನ್ನು ನಮೂದಿಸುವ ಹನ್ನೊಂದನೇ ಕಾಲಮ್ಮಿನಲ್ಲಿ ಒಂದು ಸಾಲು ಬರೆಯುವುದರಿಂದ ಆರಂಭಿಸಬಹುದು: ಉಳುಮೆಗೆ ಅಡ್ಡಿಯಿಲ್ಲ, ಒಡೆತನ ಬದಲಾಗುವುದಿಲ್ಲ, ಯಂತ್ರದಿಂದ ಮಟ್ಟ ಮಾಡುವ ಮೊದಲು ಒಂದು ತಿಂಗಳು ಮುಂಚೆ ತಿಳಿಸತಕ್ಕದ್ದು. ಆ ಒಂದು ತಿಂಗಳಲ್ಲಿ ವಿಶ್ವವಿದ್ಯಾಲಯದ ನಾಲ್ಕು ವಿದ್ಯಾರ್ಥಿಗಳು ಬಂದು ಚೂರುಗಳ ಸ್ಥಾನವನ್ನು ಅಳೆದು, ಕತ್ತಲಲ್ಲಿ ಎರಡು ಕೊಳವೆ ಮಣ್ಣು ತೆಗೆದು, ಒಂದು ಚೀಲ ಮಣ್ಣನ್ನು ನೀರಿನಲ್ಲಿ ಸೋಸಿ ಹೋಗಬಹುದು. ಇಸಾಂಪುರದಲ್ಲಿ ಮೇಲಿನ ಮಣ್ಣು ತೆಗೆದ ದಿನಗಳಲ್ಲಿ ಅಲ್ಲಿಗೆ ಒಬ್ಬ ಸಂಶೋಧಕರು ಹೋದದ್ದು ಯಾರೂ ಏರ್ಪಡಿಸಿದ ಸಂಗತಿಯಾಗಿರಲಿಲ್ಲ. ಹುಣಸಗಿ ಬಯಲಿನಲ್ಲಿ ಮುಂದಿನ ಬೇಸಿಗೆಗೆ ಮಟ್ಟವಾಗಲಿರುವ ಹೊಲಗಳ ಪೈಕಿ ಯಾವುದರಲ್ಲಿ ಏನಿದೆ ಎಂದು ಹೇಳಬಲ್ಲ ನಕ್ಷೆ ತಾಲೂಕು ಕಚೇರಿಯ ಗೋಡೆಯ ಮೇಲೆ ಇರಬೇಕಾದದ್ದು ಈ ಕಾರಣಕ್ಕೆ.